ಮುಖವಾಡದವನಿಗೆ ತೋರಿಸಿದ ಹೊಸ ಫರ್ನೇಸು

ಲಿಯೋನಾ ಕೆಟ್ಟವಳಲ್ಲ. ಇದನ್ನ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನದು ಕೇಳ್ತಾ ಕೇಳ್ತಾ ನಿಮಗೆ ಹಾಗನ್ನಿಸಿಬಿಡಬಹುದು. ಶೆಟಿಕ್ಯಾಂಪ್ ಊರಿಂದ ಕೆಳಕ್ಕೆ ಈ ಕಡಲ ದಂಡೇಲಿ ಯಾರಿಗೆ ಜ್ವರ ಬರ್ಲಿ, ಯಾರು ಕಾಲು ಮುರ್ಕೊಳ್ಲಿ, ಮೊದ್ಲು ಬಾಗಿಲು ತಟ್ಟೋದು ಅವಳೇ, ಕಂಕುಳಲ್ಲಿ ಫ್ರಿಕೋ ಪಾತ್ರೆ ಇಟ್ಕೊಂಡು. ಕೋಳಿ ಫ್ರಿಕೋ ಯಾರು ಬೇಕಾದ್ರೂ ಮಾಡ್ತಾರೆ, ಆಲೂಗಡ್ಡೆ, ಈರುಳ್ಳಿ, ಕೋಳಿ, ನೀರು, ಅಷ್ಟೇ. ಅವಳ ಕೈದು ಒಂಚೂರು ಉಪ್ಪು ಮುಂದು. ಆದ್ರೂ ಯಾರೂ ಅವಳಿಗೆ ಹೇಳಲ್ಲ, ಯಾಕಂದ್ರೆ ಅವಳೂ ಯಾರಿಗೂ ಏನೂ ಹೇಳಲ್ಲ. ಯಾರ ಮನಸ್ಸೂ ನೋಯಬಾರ್ದು ಅನ್ನೋದೇ ಅವಳ ಕಾಯ್ಲೆ. ಹುಟ್ಟಿಂದ ಬಂದದ್ದು. ಅವಳಮ್ಮನೂ ಹಾಗೇ ಇದ್ಲು, ಪಾದ್ರಿ ಹಾಡು ತಪ್ಪು ಹಾಡಿದ್ರೆ ತಾನೂ ತಪ್ಪು ಹಾಡೋಳು, ಅವರಿಗೊಬ್ಬರಿಗೇ ಅವಮಾನ ಆಗ್ದಿರಲಿ ಅಂತ.

ಅವಳ ಗಂಡ ಎಡ್ಡೀ. ಏಡಿ ಹಿಡಿಯೋ ದೋಣೀಲಿ ದುಡ್ದು ದುಡ್ದು ಈಗ ಮನೇಲಿ ಕೂತಿದ್ದಾನೆ. ಬಾಯಿ ಮಾತ್ರ ಕೂತಿಲ್ಲ. ಮಗಳು ಜಿಸೆಲ್ ಶಾಲೇಲಿ ಕೆಲ್ಸ ಮಾಡ್ತಾಳೆ, ಎರಡು ಮನೆ ಆಚೆ ಇದ್ದಾಳೆ. ಆ ಜಿಸೆಲ್ ಹುಟ್ಟಿದ ವರ್ಷಾನೇ ಅವರ ನೆಲಮಾಳಿಗೆಗೆ, ಎಣ್ಣೆ ಉರಿಸಿ ಮನೆಯೆಲ್ಲ ಬೆಚ್ಚಗಿಡೋ ಫರ್ನೇಸ್ ಬಂದದ್ದು. ಹಾಕಿದವನು ಸಿಮೆಯೋನ್. ಪ್ಲಾಸೀದನ ಮಗ ಸಿಮೆಯೋನ್ ಅನ್ಬೇಕು, ಬರೀ ಸಿಮೆಯೋನ್ ಅಂದ್ರೆ ಇಲ್ಲಿ ಮೂರು ಜನ ತಿರುಗಿ ನೋಡ್ತಾರೆ. ಎಡ್ಡೀಗೆ ದೊಡ್ಡಪ್ಪನ ಮಗ, ಅಣ್ಣ ಆಗ್ಬೇಕು. ಈ ಬದಿಯ ಎಷ್ಟೋ ಮನೆಗಳ ಫರ್ನೇಸು ಅವನ ಕೈದೇ. ಹಾಕೋದೂ ಅವನೇ, ವರ್ಷ ವರ್ಷ ಅಕ್ಟೋಬರಲ್ಲಿ ಬಂದು ಬಿಚ್ಚಿ ಮಸಿ ತೆಗ್ಯೋದೂ ಅವನೇ. ಕೆಳಗೆ ಅರ್ಧ ದಿನ ಕೆಲ್ಸ ಮಾಡಿ, ಮೂಗಿನ ತುದಿ ಕಪ್ಪು ಮಾಡ್ಕೊಂಡು ಮೇಲೆ ಬಂದು, ಲಿಯೋನಾ ಅಡುಗೆಮನೇಲಿ ಕಾಕಂಬಿ ಬಿಸ್ಕತ್ತು ಅದ್ದಿ ಅದ್ದಿ ಚಹಾ ಕುಡಿಯೋನು. ಹೆಂಡ್ತಿ ಬೆರ್ತ್ ತೀರ್ಕೊಂಡ ಮೇಲೆ ಭಾನುವಾರ ಪೂಜೆ ಮುಗಿಸಿ ಬರೋದೂ ಅಲ್ಲಿಗೇ. ಬಂದವನು ಕೋಟು ಬಿಚ್ಚೋಕೆ ಮುಂಚೆ ಕೇಳೋನು, "ಹೇಗಿದ್ದಾನೆ ನಮ್ಮ ಮುದುಕ?"

ಮುದುಕ ಅಂದ್ರೆ ಎಡ್ಡೀ ಅಲ್ಲ. ಫರ್ನೇಸು.

ಏಳೆಂಟು ವರ್ಷದ ಹಿಂದೆ ಜಿಸೆಲ್ ಬಲವಂತ ಮಾಡಿ ಹೀಟ್ ಪಂಪ್ ಹಾಕಿಸಿದ್ಲು. ಹೊರಗೋಡೆಗೆ ಒಂದು ದೊಡ್ಡ ಪೆಟ್ಟಿಗೆ, ಒಳಗೋಡೆಗೆ ಒಂದು ಉದ್ದನೇ ಪೆಟ್ಟಿಗೆ, ಅಷ್ಟೇ. ಹೊರಗಿನ ಗಾಳೀಲಿರೋ ಬಿಸೀನ ಎಳ್ಕೊಂಡು ಒಳಗೆ ಊದುತ್ತೆ. ಸಿಮೆಯೋನ್ ಅದರ ಸುತ್ತ ಒಂದು ಸುತ್ತು ಹಾಕಿ ನಕ್ಕಿದ್ದ. "ಗೋಡೆಗೆ ಫ್ರಿಜ್ಜು ನೇತು ಹಾಕಿದ್ದೀಯಲ್ಲೋ ಎಡ್ಡೀ! ಜನವರೀಲಿ ಹೊರಗಡೆ ಬಿಸಿ ಎಲ್ಲಿಂದ ತರುತ್ತಂತೆ ಇದು, ಹಾಲಿಫ್ಯಾಕ್ಸಿಂದ ಪಾರ್ಸಲ್ ತರಿಸುತ್ತಾ?" ಅಂದ. ಎಡ್ಡೀ, "ಇಲ್ಲ ಕಣೋ, ನಿನ್ನ ಬಾಯಿ ಪಕ್ಕ ಹಿಡಿದ್ರೆ ಸಾಕು, ಬೇಕಾದಷ್ಟು ಬಿಸಿಗಾಳಿ ಸಿಗುತ್ತೆ" ಅಂದ.

ಆದ್ರೆ ಆ ಫ್ರಿಜ್ಜು ಕೆಲ್ಸ ಮಾಡ್ತು. ಚೆನ್ನಾಗೇ ಮಾಡ್ತು. ಕಡು ಚಳಿ ಬಿದ್ದಾಗ ಮಾತ್ರ ಕೈ ಚೆಲ್ಲೋದು, ಆಗ ಕೆಳಗಿಂದ ಮುದುಕ ಎದ್ದು ಸೀನೋನು, ಮನೆಯೆಲ್ಲ ಗದಗುಟ್ಟೋದು. ಉಳಿದಂತೆ ಅವನಿಗೆ ನಿದ್ದೇನೇ. ಇದರಿಂದ ಲಿಯೋನಾಗೆ ಒಂದು ಹೊಸ ಚಿಂತೆ ಹತ್ತಿಕೊಂಡ್ತು. ಉರೀದೇ ಇದ್ದ ಮೇಲೆ ಮಸಿ ಎಲ್ಲಿಂದ? ಮಸಿ ಇಲ್ದಿದ್ರೆ ಸಿಮೆಯೋನ್ ಅಕ್ಟೋಬರಲ್ಲಿ ಬಂದು ಏನು ತೆಗೀತಾನೆ? ತನ್ನ ಕೆಲ್ಸ ಯಾರಿಗೂ ಬೇಡ ಅಂತ ಅವನಿಗೆ ಗೊತ್ತಾಗಿಬಿಡುತ್ತಲ್ಲ? ಅದಕ್ಕೆ ಅವಳೇನು ಮಾಡಿದ್ಲು ಗೊತ್ತಾ? ಅವನು ಬರೋಕೆ ಮುಂಚೆ ಸೆಪ್ಟೆಂಬರಲ್ಲಿ, ಇನ್ನೂ ಬೆಚ್ಚಗಿರೋ ದಿನಗಳಲ್ಲಿ, ಹೀಟ್ ಪಂಪ್ ಆರಿಸಿ ಫರ್ನೇಸ್ ಉರಿಸೋಳು! ಕಿಟಕಿಗಳೆಲ್ಲ ತೆಗೆದು! ಎಡ್ಡೀ ಬನಿಯನ್ನಲ್ಲಿ ವರಾಂಡಾಕ್ಕೆ ಹೋಗಿ ಕೂತ್ಕೊಳ್ಳೋನು. "ಮಾರಾಯ್ತಿ, ನೀನು ಊರಿಗೆಲ್ಲ ಕಾವು ಕೊಡ್ತಿದ್ದೀಯ. ಕಡಲಹಕ್ಕಿಗಳು ಸೂರಿನ ಮೇಲೆ ಮೊಟ್ಟೆ ಇಡೋಕೆ ಬರ್ತಿವೆ ನೋಡು" ಅನ್ನೋನು. ಅವಳು, "ನೀನು ಸುಮ್ನಿರು, ಅವನಿಗೆ ಒಂದಿಷ್ಟು ಮಸಿ ಬೇಕು" ಅನ್ನೋಳು.

ಇದನ್ನ ಕೇಳಿ ನಾವೆಲ್ಲ ನಕ್ಕಿದ್ದೇವೆ. ನಗೋ ಕಾಲದಲ್ಲಿ ನಕ್ಕಿದ್ದು.

ಹೋದ ನವೆಂಬರಲ್ಲಿ ವಿಮೆಯವರು ಎಣ್ಣೆ ಟ್ಯಾಂಕಿಗೆ ವಯಸ್ಸಾಯ್ತು, ನೋಡ್ಬೇಕು ಅಂತ ಒಬ್ಬ ಮೆಕ್ಯಾನಿಕ್‌ನ ಕಳಿಸಿದ್ರು. ಬೇರೆ ಊರಿನವನು. ಟ್ಯಾಂಕ್ ನೋಡಿದ, ತಲೆ ಅಲ್ಲಾಡಿಸಿದ. ಆಮೇಲೆ ಫರ್ನೇಸ್ ಬಾಗಿಲು ತೆಗೆದು ಒಳಗೆ ದೀಪ ಬಿಟ್ಟು ನೋಡಿದವನು ಎದ್ದೇ ನಿಂತುಬಿಟ್ಟ. ಒಳಗೆ ಒಂದು ಉಕ್ಕಿನ ಗೂಡಿರುತ್ತೆ. ಬೆಂಕಿ, ಹೊಗೆ ಅದರೊಳಗೆ. ಮನೆಗೆ ಬರೋ ಗಾಳಿ ಅದರ ಹೊರಗೆ. ಆ ಗೂಡು ಬಿರುಕು ಬಿಟ್ಟಿತ್ತು. ಬಿರುಕು ಅಂದ್ರೆ ಕೂದಲೆಳೆ ಅಲ್ಲ, ಬೆರಳು ತೂರೋ ಅಷ್ಟು. ಹೊಗೇಲಿರೋ ವಿಷ ಆ ಗಾಳಿಗೆ ಸೇರಿದ್ರೆ ವಾಸನೇನೂ ಬರಲ್ಲ, ಮಲಗಿದವರು ಏಳೋದಿಲ್ಲ.

"ಇದನ್ನ ಕೊನೇ ಸಲ ಯಾರು ನೋಡಿದ್ದು?" ಅಂತ ಕೇಳಿದ ಮೆಕ್ಯಾನಿಕ್. "ಒಂದು ತಿಂಗಳಲ್ಲಿ ಆಗೋ ಬಿರುಕಲ್ಲ ಇದು. ನೋಡಿದವನ ಕಣ್ಣಿಗೆ ಬೀಳ್ಲೇಬೇಕಿತ್ತು."

ಲಿಯೋನಾ, "ನೆನಪಿಲ್ಲ" ಅಂದ್ಲು.

ಅಕ್ಟೋಬರಲ್ಲಿ ಸಿಮೆಯೋನ್ ಅದೇ ಗೂಡಿಗೆ ಬ್ರಷ್ ಹಾಕಿ ಉಜ್ಜಿ, ತಗಡಿನ ಬೆನ್ನು ತಟ್ಟಿ, "ಇನ್ನೂ ಹತ್ತು ವರ್ಷ ಓಡ್ತಾನೆ" ಅಂತ ಹೇಳಿ ಹೋಗಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಹೇಳ್ಕೊಂಡಿರ್ಲಿಲ್ಲ, ಅಷ್ಟೇ. ಮೆಕ್ಯಾನಿಕ್ ಬಂದು ಹೋದ ಮುಂದಿನ ವಾರ ಹಾಲಿಫ್ಯಾಕ್ಸಿಗೆ ಹೋಗಿ ಕಣ್ಣು ಆಪರೇಷನ್ ಮಾಡಿಸ್ಕೊಂಡ. ಅವನು ಊರಲ್ಲಿ ಇಲ್ಲದ ಆ ವಾರಾನೇ ಲಿಯೋನಾ ಹಳೇ ಫರ್ನೇಸ್ ತೆಗೆಸಿಬಿಟ್ಲು. ಗರಗಸ ಹಾಕಿ ತುಂಡು ಮಾಡಿ ಮೆಟ್ಟಿಲ ಮೇಲೆ ಹೊತ್ಕೊಂಡು ಹೋದ್ರು. ಟ್ಯಾಂಕೂ ಹೋಯ್ತು. ಅದರ ಜಾಗಕ್ಕೆ ಕರೆಂಟಿನದು ಒಂದು ಬಂತು, ಬೀರುವಿನಷ್ಟೇ ಅಗಲ, ಬಿಳೀದು, ಉಸಿರಿಲ್ಲ ಸದ್ದಿಲ್ಲ. ಚಳಿ ಮೀರಿದಾಗ ಹೀಟ್ ಪಂಪಿಗೆ ಕೈ ಜೋಡಿಸೋಕೆ. ಗೋಡೆಯಿಂದ ಎಣ್ಣೆ ಪೈಪು ಕಿತ್ತ ಜಾಗ ರಸ್ತೆಗೆ ಕಾಣುತ್ತೆ ಅಂತ, ಎಡ್ಡೀ ಕೈಲಿ ಏಡಿ ಹಿಡಿಯೋ ಹಳೇ ಬೋನುಗಳನ್ನ ತಂದು ಅಲ್ಲಿ ಒಟ್ಟಿಸಿದ್ಲು.

ಊರವರಿಗೆ, "ವಿಮೆಯವರ ಕಾಟ, ತೆಗೆಸ್ಬೇಕಾಯ್ತು. ಸಿಮೆಯೋನ್‌ಗೆ ಮಾತ್ರ ಹೇಳ್ಬೇಡಿ, ನೊಂದ್ಕೋತಾನೆ" ಅಂದ್ಲು. ಊರೂ ಬಾಯಿಗೆ ಬೀಗ ಹಾಕ್ತು. ನಮ್ಮೂರು ಗುಟ್ಟು ಇಟ್ಕೊಂಡದ್ದು ಅದೊಂದೇ ಸಲ. ಬಿರುಕಿನ ವಿಷಯ ಮಾತ್ರ ಆ ಮನೇಲೇ ಉಳೀತು, ಗಂಡ, ಹೆಂಡ್ತಿ, ಮಗಳು, ಮೂರೇ ಜನಕ್ಕೆ ಗೊತ್ತಿದ್ದದ್ದು.

ಎಡ್ಡೀ ಮೊದಲನೇ ದಿನಾನೇ ಹೇಳಿದ, "ಹೇಳಿಬಿಡು ಕಣೇ. ಅವನೇನು ಸಕ್ಕರೆ ಗೊಂಬೇನಾ, ಕರಗಿ ಹೋಗೋಕೆ?"

"ನೀನೇ ಹೇಳು, ನಿನ್ನಣ್ಣ ತಾನೇ?"

"ಸುಳ್ಳು ಹೇಳಿದವಳು ನೀನು. ನಾನು ಬರೀ ಬೋನು ಹೊತ್ತವನು."

ಹೀಗೆ ಅವನು ಅವಳ ಮೇಲೆ, ಅವಳು ಅವನ ಮೇಲೆ ಹಾಕ್ಕೊಂಡು ಕ್ರಿಸ್ಮಸ್ ಕಳೀತು. ಭಾನುವಾರ ಭಾನುವಾರ ಸಿಮೆಯೋನ್ ಬರೋನು, ಹೊಸ ಕಣ್ಣು ಮಿಟುಕಿಸ್ಕೊಂಡು. "ಲಿಯೋನಾ, ನಿನ್ನ ಮುಖದಲ್ಲಿ ಇಷ್ಟು ಸುಕ್ಕಿದೆ ಅಂತ ಗೊತ್ತೇ ಇರ್ಲಿಲ್ಲ ನಂಗೆ! ಹೇಗಿದ್ದಾನೆ ನಮ್ಮ ಮುದುಕ?" ಅವಳು, "ಚೆನ್ನಾಗಿದ್ದಾನೆ, ಚೆನ್ನಾಗಿದ್ದಾನೆ" ಅಂತ ಕೆಟಲ್ ಕಡೆ ತಿರುಗಿಬಿಡೋಳು. ಒಂದು ದಿನ, "ಹೊಸ ಕಣ್ಣಲ್ಲಿ ಒಂದು ಸಲ ಇಳಿದು ನೋಡ್ಲಾ?" ಅಂತ ಎದ್ದೇಬಿಟ್ಟ. ಲಿಯೋನಾ ನೆಲಮಾಳಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಕೆಳಗೆ ಎಡ್ಡೀ ಒಳಚಡ್ಡಿ ಒಣಗ್ಹಾಕಿದ್ದೀನಿ, ಬೇಡ" ಅಂದ್ಲು. ಎಡ್ಡೀ ಪೇಪರ್ ಹಿಂದಿಂದ ಅಂದ, "ನನ್ನ ಮಾನಾನೂ ಹೋಯ್ತು."

ರಾತ್ರಿ ಅವಳಿಗೆ ಊಟ ಸೇರ್ತಿರ್ಲಿಲ್ಲ. ಪಾಪನಿವೇದನೆಗೆ ಹೋದಾಗ ಪಾದ್ರಿಗೂ ಹೇಳೋಕೆ ಹೊರಟ್ಲಂತೆ. ಆದ್ರೆ ಆ ಪಾದ್ರಿ ಮನೆ ಫರ್ನೇಸೂ ಸಿಮೆಯೋನ್ ನೋಡ್ಕೊಳ್ಳೋದು, ಅವರ ಬಾಯಿಂದ ಹೊರಗೆ ಬಿದ್ರೆ ಅಂತ ಹೆದರಿ, ನೆರೆಯವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅಂತ ಯಾವುದೋ ಹಳೇ ತಪ್ಪು ಹೇಳಿ ಎದ್ದು ಬಂದ್ಲು.

ಅಷ್ಟರಲ್ಲಿ ಮಾರ್ಚ್ ಬಂತು, ಮಿ-ಕರೇಮ್ ಬಂತು.

ನಮ್ಮ ಚರ್ಚಿನ ನಲವತ್ತು ದಿನದ ಉಪವಾಸದ ನಟ್ಟನಡುವೆ ಬರೋ ಹಬ್ಬ ಅದು, ನಮಗೆ ಒಂದು ವಾರ ಹುಚ್ಚು ಹಿಡಿಯುತ್ತೆ. ಗಂಡಸರು ಲಂಗ ಉಡ್ತಾರೆ, ಹೆಂಗಸರು ಪ್ಯಾಂಟು ಏರಿಸ್ತಾರೆ, ಹೊಟ್ಟೆಗೆ ದಿಂಬು, ಮುಖಕ್ಕೆ ಮುಖವಾಡ, ಕೈಗೆ ಗವಸು, ಒಂದಿಷ್ಟೂ ಚರ್ಮ ಕಾಣ್ಬಾರ್ದು. ಹಾಗೇ ಮನೆ ಮನೆಗೆ ನುಗ್ತಾರೆ. ಮಾತಾಡಿದ್ರೂ ಉಸಿರು ಒಳಗೆ ಎಳ್ಕೊಂಡು ಮಾತಾಡ್ತಾರೆ, ಗಂಟಲು ಗುರುತು ಸಿಗ್ಬಾರ್ದು. ಮನೆಯವರು ಯಾರು ಅಂತ ಊಹಿಸ್ಬೇಕು. ಹೆಸರು ಹೇಳಿ ಸರಿ ಆಯ್ತೋ, ಮುಖವಾಡ ತೆಗೀಬೇಕು. ಹೇಳೋಕಾಗ್ಲಿಲ್ವೋ, ಬಂದವರು ಬಂದ ಹಾಗೇ ಹೊರಟು ಹೋಗ್ತಾರೆ. ಆಮೇಲೂ ಯಾರೂ ಕೇಳಲ್ಲ, ಯಾರೂ ಹೇಳಲ್ಲ.

ಆ ಗುರುವಾರ ಮಧ್ಯಾಹ್ನ ಎಡ್ಡೀ ತನ್ನ ಪಟಾಲಂ ಜೊತೆ ವೇಷ ಹಾಕಿ ಹೋಗಿದ್ದ. ಹೋಗ್ತಾ, "ಎಚ್ಚರವಾಗಿರು, ನಮ್ಮ ಮನೆಗೇ ಬಂದು ನಿನ್ನೇ ಏಮಾರಿಸ್ತೀನಿ" ಅಂದಿದ್ದ. ಲಿಯೋನಾ ಒಬ್ಳೇ ಮಾಂಸದ ಪೈ ಬಿಸಿ ಮಾಡ್ಕೊಂಡು ಕೂತಿದ್ಲು. ಹೊರಗೆ ಸುಎತ್ ಗಾಳಿ ಎದ್ದಿತ್ತು, ಬೆಟ್ಟದಿಂದ ಇಳಿದು ಕಾರನ್ನೂ ಮಗುಚೋ ಗಾಳಿ ಅದು. ಬಾಗಿಲು ತೆರ್ಕೊಂಡ್ತು. ಒಬ್ಬನೇ ಒಬ್ಬ ಒಳಗೆ ಬಂದ. ತಲೆಗೆ ದಿಂಬಿನ ಚೀಲ, ಅದಕ್ಕೆ ಎರಡು ಕಣ್ಣಿನ ತೂತು, ಹೂವಿನ ಲಂಗ, ಮೇಲೆ ಮೀನುಗಾರರ ಹಳದಿ ಕೋಟು.

ಆ ಕೋಟಿನ ಮೊಣಕೈ ಹತ್ರ ಹೊಲಿಗೆ ಇತ್ತು. ಅವಳದೇ ಹೊಲಿಗೆ. ಎಡ್ಡೀ ಕೋಟು! ಲಿಯೋನಾ ಕಿಸಕ್ಕನೆ ನಕ್ಲು.

"ಓಹೋಹೋ! ಬಂದ್ರಾ? ಹೆಸರು ಹೇಳಲ್ಲ ಬಿಡು, ಹೇಳಿದ್ರೆ ಆಟ ಮುಗ್ದೇ ಹೋಗುತ್ತೆ. ಪಾಪ ಗಾಳೀಲಿ ನಡ್ಕೊಂಡು ಬಂದಿದ್ದೀಯ."

ಅವನು ಇಲ್ಲ ಇಲ್ಲ ಅಂತ ತಲೆ ಅಲ್ಲಾಡಿಸಿದ. "ಸುಳ್ಳು ಬೇರೆ!" ಅಂದ್ಲು. ಅವನು ಲಂಗ ಎತ್ತಿ ಒಂದು ಕುಣಿತ ಹಾಕಿದ. ಆಮೇಲೆ ಕಳ್ಳಹೆಜ್ಜೆ ಇಟ್ಕೊಂಡು, ಬೆರಳು ತುಟಿ ಮೇಲೆ ಇಟ್ಕೊಂಡು, ಸೀದಾ ನೆಲಮಾಳಿಗೆ ಬಾಗಿಲು ತೆಗೆದು ಇಳಿದೇಬಿಟ್ಟ. ಬಿಯರ್ ಕದಿಯೋಕೆ ಹೋಗ್ತಿದ್ದಾನೆ ಅನ್ಕೊಂಡ್ಲು ಅವಳು. ನಗ್ತಾ ಹಿಂದೇನೇ ಇಳಿದ್ಲು.

ಕೆಳಗೆ ಅವನು ಬಿಯರ್ ಕಡೆ ಹೋಗಿರ್ಲಿಲ್ಲ. ಆ ಬಿಳೀ ಪೆಟ್ಟಿಗೆ ಎದುರಿಗೆ ನಿಂತಿದ್ದ. ಅಲ್ಲಾಡದೆ.

ಲಿಯೋನಾ ಕೊನೇ ಮೆಟ್ಟಿಲ ಮೇಲೆ ಕೂತ್ಲು. ಅವಳಿಗೆ ಏನನ್ನಿಸ್ತು ಅಂದ್ರೆ, ಮದುವೆಯಾದಾಗಿಂದ ಇದೇ ಮೊದಲನೇ ಸಲ ಗಂಡ ಬಾಯಿ ಮುಚ್ಕೊಂಡು ನಿಂತಿದ್ದಾನೆ. ಎದುರು ಜವಾಬು ಇಲ್ಲ, ತಮಾಷೆ ಇಲ್ಲ. ಹೊಟ್ಟೇಲಿರೋದೆಲ್ಲ ಹೊರಗೆ ಹಾಕೋಕೆ ಇದಕ್ಕಿಂತ ಒಳ್ಳೇ ಗಳಿಗೆ ಸಿಗಲ್ಲ ಅನ್ಕೊಂಡ್ಲು.

"ನೋಡು, ನೋಡು ಚೆನ್ನಾಗಿ" ಅಂದ್ಲು. "ಇದು ಬಂದಾಗಿಂದ ನನಗೆ ಒಂದು ದಿನ ನೆಮ್ಮದಿ ಇಲ್ಲ. ಹೇಳು ಹೇಳು ಅಂತೀಯಲ್ಲ, ಸಿಮೆಯೋನ್‌ಗೆ ಏನಂತ ಹೇಳ್ಲಿ? ನೀನು ಮಸಿ ತೆಗೀಲಿ ಅಂತ ನಾನೇ ಎಣ್ಣೆ ಸುಟ್ಟು ಮಸಿ ಮಾಡಿಡ್ತಿದ್ದೆ ಅಂತ ಹೇಳ್ಲಾ? ಅದಾದ್ರೂ ನಗು. ಆ ಬಿರುಕು? ಬೆರಳು ತೂರೋ ಬಿರುಕನ್ನ ಉಜ್ಜಿ ತೊಳೆದು ಬೆನ್ನು ತಟ್ಟಿ ಹೋದೆ, ನಾವಿಬ್ರೂ ಮಲಗಿದಲ್ಲೇ ಹೋಗಿರ್ತಿದ್ವಿ ಅಂತ ಅವನ ಮುಖ ನೋಡಿ ಹೇಳೋಕಾಗುತ್ತಾ? ಕಣ್ಣು ಕಾಣದೆ ಕೈಯಾಡಿಸ್ತಿದ್ದ ಮುದುಕ. ಹೆಂಡ್ತಿ ಇಲ್ಲ. ಈ ಕೆಲ್ಸ ಬಿಟ್ರೆ ಅವನಿಗೆ ಇನ್ನೇನಿದೆ, ಪಾಪ. ಇರೋ ತನಕ ಏನೋ ಮಾಡ್ಕೊಂಡಿರಲಿ ಅಂತ ನಾನು..."

ಮೇಲೆ ಬಾಗಿಲು ದಡಾರಂತ ತೆರ್ಕೊಂಡ್ತು. ಬೂಟುಗಳ ಸದ್ದು, ನಗು. "ಲಿಯೋನಾ! ಎಲ್ಲಿದ್ದೀಯೇ? ಪೈ ಸೀದು ಹೋಗ್ತಿದೆ!"

ಎಡ್ಡೀ ದನಿ. ಮೇಲಿಂದ.

ಲಿಯೋನಾ ತಲೆ ಎತ್ತಿ ಮೇಲೆ ನೋಡಿದ್ಲು, ಆಮೇಲೆ ಎದುರಿಗಿದ್ದವನನ್ನ ನೋಡಿದ್ಲು. ಎದುರಿಗಿದ್ದವನು ನಿಧಾನಕ್ಕೆ ಬಲಗೈ ಗವಸು ತೆಗೆದ. ಆ ಕೈಯ ಹಿಂಭಾಗವನ್ನ ಬಿಳೀ ತಗಡಿಗೆ ಒತ್ತಿ ಹಿಡಿದ, ಮಗುವಿನ ಹಣೆ ಮುಟ್ಟಿ ಜ್ವರ ನೋಡ್ತಾರಲ್ಲ, ಹಾಗೆ. ಈ ಊರಲ್ಲಿ ಫರ್ನೇಸನ್ನ ಹಾಗೆ ಮುಟ್ಟೋನು ಒಬ್ಬನೇ. ಆಗ ನೆನಪಾಯ್ತು ಅವಳಿಗೆ, ಆ ಹಳದಿ ಕೋಟನ್ನ ಬೆರ್ತ್ ಹೋದ ಚಳಿಗಾಲದಲ್ಲಿ ತಾನೇ ಕೈಯಾರೆ ಸಿಮೆಯೋನ್‌ಗೆ ಕೊಟ್ಟಿದ್ದು. ಬೆರ್ತ್ ಹೋದ ಮೇಲೆ ಅವನು ಮಿ-ಕರೇಮ್‌ಗೆ ಹೊರಟೇ ಇರ್ಲಿಲ್ಲ. ಈ ವರ್ಷ, ಕಣ್ಣು ಬಂತಲ್ಲ ಅನ್ನೋ ಖುಷೀಲಿ ಹೊರಟಿದ್ದ. ಮುದುಕನನ್ನ ಒಂದು ಗಳಿಗೆ ಆರಿಸಿ ಮನೆಯವರನ್ನ ನಡುಗಿಸೋಣ ಅಂತ ತಮಾಷೆಗೆ ಇಳಿದಿದ್ದ, ಅಷ್ಟೇ.

ಅವನು ಗವಸು ಹಾಕ್ಕೊಂಡು ಅವಳ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಹೋದ. ಲಂಗದ ಅಂಚು ಅವಳ ಭುಜಕ್ಕೆ ತಾಕ್ತು.

ಅವಳು ಮೇಲೆ ಬರೋ ಹೊತ್ತಿಗೆ ಎಡ್ಡೀ ಮುಖವಾಡ ತಲೆ ಮೇಲೆ ಸರಿಸ್ಕೊಂಡು ಪೈ ತಿಂತಾ ನಿಂತಿದ್ದ. "ಯಾರೇ ಇದು ಸುಂದರಿ? ಎಲ್ಲಾ ಹೆಸರೂ ಹೇಳಿ ನೋಡಿದ್ವಿ, ಮಹಾತಾಯಿ ಬಾಯೇ ಬಿಡ್ತಿಲ್ಲ. ನೀನು ಹೇಳು."

ಎಲ್ಲರೂ ಲಿಯೋನಾ ಕಡೆ ನೋಡಿದ್ರು. ಆ ಎರಡು ತೂತುಗಳೂ ಅವಳ ಕಡೆ ತಿರುಗಿದ್ವು. ಹೆಸರು ಹೇಳಿದ್ರೆ ಅವನು ಮುಖ ತೋರಿಸ್ಬೇಕು. ಎಲ್ಲರೆದುರಿಗೆ. ತಾನೂ ತೋರಿಸ್ಬೇಕು. ನಾಲಿಗೆ ತುದೀಲಿತ್ತು ಹೆಸರು.

"ಗೊತ್ತಾಗ್ಲಿಲ್ಲ" ಅಂದ್ಲು.

ಅವನು ಒಂದು ಗಳಿಗೆ ನಿಂತ. ಆಮೇಲೆ ಬಾಗಿಲು ತೆಗೆದು ಗಾಳಿಗೆ ತಲೆ ಕೊಟ್ಟು ಹೊರಟು ಹೋದ.

ಜನ ಹೋದ ಮೇಲೆ ಗಂಡನಿಗೆ ಹೇಳಿದ್ಲು. ಎಡ್ಡೀ ಅವತ್ತು ತಮಾಷೆ ಮಾಡ್ಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಅಂದ, "ಹೆಸರು ಹೇಳ್ಬೇಕಿತ್ತು ಕಣೇ. ಅವನು ನಿಂತಿದ್ದ, ಅದಕ್ಕೇ ಕಾಯ್ತಿದ್ದ."

ಭಾನುವಾರ ಸಿಮೆಯೋನ್ ಪೂಜೆಗೂ ಬರ್ಲಿಲ್ಲ, ಚಹಾಕ್ಕೂ ಬರ್ಲಿಲ್ಲ. ಲಿಯೋನಾ ಕಿಟಕಿ ಬಿಟ್ಟು ಅಲ್ಲಾಡ್ಲಿಲ್ಲ. ದಿಬ್ಬದ ಮೇಲಿನ ಅವನ ಮನೆ ಕಾಣ್ತಿತ್ತು, ಅವನ ಟ್ರಕ್ಕು ಬೆಳಿಗ್ಗೆ ಹೊರಟು ಎಲ್ಲೆಲ್ಲೋ ಸುತ್ತಿ ಬರೋದೂ ಕಾಣ್ತಿತ್ತು. ಏನು ಮಾಡ್ತಿದ್ದಾನೆ ಅಂತ ಮಾತ್ರ ಗೊತ್ತಾಗ್ಲಿಲ್ಲ. ಸೋಮವಾರ ಬಟ್ಟೆ ಬೀರು ತೆಗೆದು ತಂದೆಯ ಹಳೇ ಪ್ಯಾಂಟು ಎಳೆದ್ಲು.

ಎಡ್ಡೀ, "ಮಿ-ಕರೇಮ್ ಮುಗೀತಲ್ಲೇ, ಏನಿದು?" ಅಂದ.

"ಮುಖ ಇಟ್ಕೊಂಡು ಹೋಗೋ ಧೈರ್ಯ ಇಲ್ಲ ನಂಗೆ."

ಅವನು ದಿಂಬು ತಂದು ಅವಳ ಹೊಟ್ಟೆಗೆ ಕಟ್ಟಿಕೊಟ್ಟ.

ಹಾಡುಹಗಲಲ್ಲಿ, ಮುಖಕ್ಕೆ ಒಂದು ರಬ್ಬರಿನ ಕೋತಿ ಮುಖವಾಡ ಹಾಕ್ಕೊಂಡು, ದಿಂಬಿನ ಹೊಟ್ಟೆ ಹೊತ್ಕೊಂಡು ದಿಬ್ಬ ಹತ್ತಿದ್ಲು ಲಿಯೋನಾ. ಅಂಚೆ ಪೆಟ್ಟಿಗೆ ಹತ್ರ ನಿಂತಿದ್ದ ನೆರೆಮನೆ ಆನೆತ್, "ಏನೇ ಲಿಯೋನಾ, ತಡವಾಗಿ ಹೊರಟಿದ್ದೀಯ?" ಅಂತ ಕೂಗಿದ್ಲು. "ನಾನು ಲಿಯೋನಾ ಅಲ್ಲ!" ಅಂತ ಕೋತಿ ಒಳಗಿಂದ ಕೂಗಿ ಬಿರಬಿರನೆ ನಡೆದ್ಲು.

ಸಿಮೆಯೋನ್ ಬಾಗಿಲು ತೆಗೆದ. ನೋಡಿದ. ದಾರಿ ಬಿಟ್ಟ. ಕುರ್ಚಿ ಎಳೆದು ಹಾಕಿದ. ತಾನೂ ಎದುರಿಗೆ ಕೂತ. ಅಡುಗೆಮನೆ ಬೆಚ್ಚಗಿತ್ತು, ಕೋತಿ ಒಳಗೆ ಬೆವರು ಇಳೀತಿತ್ತು. ಅವನು ಶಾಂತವಾಗಿ ಶುರು ಮಾಡಿದ.

"ಆನೆತ್ತಾ?"

ಅವಳು ತಲೆ ಅಲ್ಲಾಡಿಸಿದ್ಲು.

"ಜಿಸೆಲ್ಲಾ? ಅಲ್ಲ. ಪಾದ್ರಿಗಳಾ? ಅವರಿಗೆ ಇಷ್ಟು ಹೊಟ್ಟೆ ಇಲ್ಲ."

ಒಂದೊಂದೇ ಹೆಸರು. ದಂಡೆಯ ಈ ತುದಿಯಿಂದ ಆ ತುದಿವರೆಗೆ. ಅವಳ ಹೆಸರೊಂದು ಬಿಟ್ಟು ಎಲ್ಲಾ. ಮದುವೆಯಾಗಿ ದೂರದ ಮಾಂಕ್ಟನ್ ಪಟ್ಟಣಕ್ಕೆ ಹೋದವರ ಹೆಸರೂ ಹೇಳಿದ. ಸತ್ತು ಹೋದವರ ಹೆಸರೂ ಹೇಳಿದ. ಗೊತ್ತಿದ್ದೇ ಮಾಡ್ತಿದ್ದಾನೆ ಅಂತ ಅವಳಿಗೆ ಗೊತ್ತು. ಅವಳಿಗೆ ಗೊತ್ತು ಅಂತ ಅವನಿಗೂ ಗೊತ್ತು. ಗೋಡೆ ಗಡಿಯಾರ ಟಿಕ್ ಟಿಕ್ ಅಂತಿದೆ, ಇವನು ಹೆಸರು ಹೇಳ್ತಾನೇ ಇದ್ದಾನೆ, ದಿಂಬು ಜಾರಿ ತೊಡೆ ಮೇಲೆ ಬಂದು ಕೂತಿದೆ. ಕೊನೆಗೆ ಲಿಯೋನಾ ತಾನೇ ಮುಖವಾಡ ಕಿತ್ತು ಮೇಜಿನ ಮೇಲೆ ಇಟ್ಲು. ಕೂದಲು ಹಣೆಗೆ ಅಂಟಿತ್ತು, ಕಣ್ಣು ಮೂಗು ಎಲ್ಲ ಸುರೀತಿತ್ತು.

"ನಾನಿನ್ನೂ ಹೇಳಿರ್ಲಿಲ್ಲ" ಅಂದ ಸಿಮೆಯೋನ್.

"ಸಾಕು ಸಿಮೆಯೋನ್. ಬೈದುಬಿಡು."

"ಯಾಕೆ ಬೈಲಿ? ಕಣ್ಣು ಕಾಣದ ಮುದುಕ ನಾನು, ಪಾಪ."

ಅವಳು ಎರಡೂ ಕೈಲಿ ಮುಖ ಮುಚ್ಕೊಂಡ್ಲು. "ನಿಂಗೆ ನೋವಾಗ್ಬಾರ್ದು ಅಂತ ಮಾಡ್ದೆ. ನಾನು ಬೇರೆ ಏನೂ..."

"ನೋವಾಗ್ಬೇಕಿತ್ತು!" ಮೇಜಿಗೆ ಗುದ್ದಿದ, ಕೋತಿ ಎಗರಿ ಬಿತ್ತು. "ನವೆಂಬರಲ್ಲೇ ನೋವಾಗ್ಬೇಕಿತ್ತು ನಂಗೆ! ಲಿಯೋನಾ, ನಿಮ್ಮದೊಂದೇನಾ ನಾನು ನೋಡೋದು? ಅದೇ ಅಕ್ಟೋಬರು, ಅದೇ ಕಣ್ಣು. ಎಷ್ಟು ಮನೆಗೆ ಇಳಿದು, ಎಷ್ಟು ಫರ್ನೇಸಿನ ಬೆನ್ನು ತಟ್ಟಿ, ಇನ್ನೂ ಹತ್ತು ವರ್ಷ ಅಂದು ಬಂದಿದ್ದೀನಿ? ಅವರೆಲ್ಲ ಈ ಚಳಿಗಾಲ ಪೂರ್ತಿ ನನ್ನ ಮಾತು ನಂಬಿ ಮಲಗಿದ್ರು. ನಿಂಗೆ ಗೊತ್ತಿತ್ತು. ನೀನು ನಂಗೆ ಬಿಸ್ಕತ್ತು ಕೊಡ್ತಾ ಕೂತಿದ್ದೆ."

ಲಿಯೋನಾ ಕೈ ಕೆಳಗೆ ಇಳಿಸಿದ್ಲು. ಇದು ಅವಳಿಗೆ ಹೊಳೆದೇ ಇರ್ಲಿಲ್ಲ. ಇಷ್ಟು ತಿಂಗಳು ಹಾಸಿಗೇಲಿ ಹೊರಳಾಡಿದ್ಲಲ್ಲ, ಒಂದು ಸಲಾನೂ ಹೊಳೆದಿರ್ಲಿಲ್ಲ. ಅವಳು ನೋಡ್ತಿದ್ದದ್ದು ಒಂದೇ ಒಂದು ಮುಖ, ಸಿಮೆಯೋನ್‌ದು. ಉಳಿದ ಮನೆಗಳಲ್ಲಿ ಯಾರ್ಯಾರು ಮಲಗಿದ್ರು ಅಂತ ಈಗ ಒಬ್ಬೊಬ್ಬರಾಗಿ ಕಣ್ಣೆದುರಿಗೆ ಬಂದ್ರು.

"ಯಾರಿಗಾದ್ರೂ..." ಅಂತ ಕೇಳೋಕೆ ಹೋದ್ಲು.

"ಯಾರಿಗೂ ಏನೂ ಆಗಿಲ್ಲ. ಶುಕ್ರವಾರದಿಂದ ಮನೆ ಮನೆ ತಿರುಗ್ತಿದ್ದೀನಿ. ಟೋಪಿ ಕೈಲಿ ಹಿಡ್ಕೊಂಡು. ನಾನು ನೋಡಿದ್ದು ನಂಬಬೇಡಿ, ಬೇರೆಯವರನ್ನ ಕರೆಸಿ ನೋಡಿಸಿ ಅಂತ. ನನ್ನ ತಂಗಿ ಮೊಮ್ಮಗಳ ಮನೇಲಿ ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ಅವರ ಪುಣ್ಯ, ನೆಲಮಾಳಿಗೆ ಕಿಟಕಿ ಒಡೆದು ಗಾಳಿ ಆಡ್ತಿತ್ತು. ಎಳೇ ಕೂಸು ಆ ಮನೇಲಿ."

ಅವನು ಬಗ್ಗಿ ಕೋತೀನ ಎತ್ತಿ ಮೇಜಿನ ಮೇಲೆ ಇಟ್ಟ, ಅದರ ಕಿವಿ ಸರಿ ಮಾಡಿದ. ದನಿ ಇಳಿದಿತ್ತು.

"ತಪ್ಪು ನಂದೂ ಇದೆ. ಕಣ್ಣು ಮಂಜಾಗಿದೆ ಅಂತ ಒಪ್ಕೊಳ್ಳೋಕೆ ಆಗ್ಲಿಲ್ಲ, ಕೈ ನೆನಪಲ್ಲೇ ಮಾಡ್ಬಹುದು ಅನ್ಕೊಂಡೆ. ಅದನ್ನೂ ಹೇಳ್ತಿದ್ದೀನಿ ಮನೆ ಮನೇಲಿ. ನಿನ್ನ ಹೆಸರು ಎಲ್ಲೂ ತಂದಿಲ್ಲ."

ಇದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು ಅವಳಿಗೆ. ಅವನು ಒಂದೊಂದು ಬಾಗಿಲಲ್ಲೂ ಟೋಪಿ ತೆಗೆದು ನಿಂತಾಗ, ಅವಳು ಪರದೆ ಸರಿಸಿ ಅವನ ಟ್ರಕ್ಕು ನೋಡ್ತಾ ಕೂತಿದ್ಲು.

"ಇನ್ನೆಷ್ಟು ಮನೆ ಉಳಿದಿದೆ?" ಅಂತ ಕೇಳಿದ್ಲು.

"ಎರಡು. ಆನೆತ್‌ದು, ಪಾದ್ರಿಗಳದ್ದು."

"ನಾನೂ ಬರ್ತೀನಿ."

"ಬಂದು?"

"ಹೇಳ್ತೀನಿ. ನಂಗೆ ಗೊತ್ತಿತ್ತು, ನಾನು ಮುಚ್ಚಿಟ್ಟೆ ಅಂತ. ಆಮೇಲೆ ನೀನು ಈಗಾಗ್ಲೇ ಹೋಗಿ ಬಂದ ಮನೆಗಳಿಗೂ ಹೋಗ್ತೀನಿ. ಆ ಕೂಸಿನ ಮನೆಗೆ ಮೊದ್ಲು."

ಸಿಮೆಯೋನ್ ಅವಳನ್ನ ಮೇಲಿಂದ ಕೆಳಗೆ ನೋಡಿದ. "ಹೀಗೇನಾ?"

ಅವಳು ಬಗ್ಗಿ ನೋಡ್ಕೊಂಡ್ಲು. ಅಪ್ಪನ ಪ್ಯಾಂಟು, ಜಾರಿದ ದಿಂಬು. ನಗು ಬರ್ಲಿಲ್ಲ ಇಬ್ರಿಗೂ. ದಿಂಬು ಬಿಚ್ಚಿ ಕುರ್ಚಿ ಮೇಲೆ ಇಟ್ಲು. ಪ್ಯಾಂಟು ಬದಲಾಯಿಸೋಕೆ ಮನೆಗೆ ಹೋದ್ರೆ ಧೈರ್ಯ ಅಲ್ಲೇ ಉಳಿದುಬಿಡುತ್ತೆ ಅಂತ ಗೊತ್ತಿತ್ತು ಅವಳಿಗೆ. ಸೊಂಟಕ್ಕೆ ಒಂದು ಹಗ್ಗ ಕೊಡು ಅಂದ್ಲು. ಅವನು ಹುಡುಕಿ ಕೊಟ್ಟ.

ಆನೆತ್ ಬಾಗಿಲು ತೆಗೆದವಳು ಇವರಿಬ್ಬರನ್ನ ನೋಡಿ ಚಪ್ಪಾಳೆ ತಟ್ಟಿದ್ಲು. "ನೋಡಿದ್ಯಾ, ಲಿಯೋನಾನೇ! ನಾನು ಆಗ್ಲೇ ಹೇಳ್ಲಿಲ್ವಾ? ಎಲ್ಲಿ ನಿನ್ನ ಕೋತಿ? ಬನ್ನಿ ಬನ್ನಿ, ಏನು ಕೊಡ್ಲಿ ಕುಡಿಯೋಕೆ?"

ಸಿಮೆಯೋನ್ ಟೋಪಿ ತೆಗೆದ, ಬಾಯಿ ತೆರೆದ. ಲಿಯೋನಾ ಅವನ ತೋಳು ಹಿಡಿದು ತಾನು ಮುಂದೆ ಬಂದ್ಲು. ಹಗ್ಗ ಕಟ್ಟಿದ್ರೂ ಜಾರ್ತಿದ್ದ ಪ್ಯಾಂಟನ್ನ ಒಂದು ಕೈಲಿ ಎತ್ತಿ ಹಿಡ್ಕೊಂಡಿದ್ಲು.

"ಏನೂ ಬೇಡ ಆನೆತ್. ನೀನು ಕೂತ್ಕೋ. ನಾನು ಹೇಳೋದು ಕೇಳಿದ ಮೇಲೂ ನಂಗೇನಾದ್ರೂ ಕೊಡ್ಬೇಕು ಅನ್ನಿಸಿದ್ರೆ, ಆಗ ಕೊಡು."